ಬಣ್ಣವಾಗಿ ಬೇಕು, ಮಗುವಾಗಿ ಬೇಡ: ಕೆಂಪು ಕೂದಲಿಗೆ ಎರಡು ನ್ಯಾಯ ಏಕೆ?

2011ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಕ್ರಯೋಸ್ ವೀರ್ಯ ಬ್ಯಾಂಕ್, ಕೆಂಪು ಕೂದಲಿನ ದಾನಿಗಳು ಸದ್ಯಕ್ಕೆ ಬೇಡ ಎಂದಿತು. ದಾಸ್ತಾನು ಸಾಕಷ್ಟಿದೆ, ಕೇಳುವವರು ಕಡಿಮೆ, ಐರ್ಲೆಂಡಿನಲ್ಲಿ ಮಾತ್ರ ಚೆನ್ನಾಗಿ ಹೋಗುತ್ತದೆ ಎಂಬುದು ಸಂಸ್ಥೆ ಕೊಟ್ಟ ಕಾರಣ. ಆಗಲೂ ಈಗಲೂ ಯಾವುದೇ ಅಂಗಡಿಯ ಹೇರ್ ಡೈ ಸಾಲಿನಲ್ಲಿ ತಾಮ್ರ, ಬರ್ಗಂಡಿ, ಮಹಾಗನಿ, ಚೆರ್ರಿ ಎಂಬ ಹೆಸರುಗಳಲ್ಲಿ ಕೆಂಪಿನ ಹತ್ತಾರು ಛಾಯೆಗಳು ಕೂತಿರುತ್ತವೆ. ಹುಟ್ಟಿನಿಂದ ಕೆಂಪು ಕೂದಲಿಲ್ಲದವರು ದುಡ್ಡು ಕೊಟ್ಟು ಅದನ್ನು ಹಚ್ಚಿಸಿಕೊಳ್ಳುತ್ತಾರೆ. ಹುಟ್ಟುವ ಮಗುವಿಗೆ ಆ ಬಣ್ಣ ಬರುವುದು ಬೇಡ ಎನ್ನುವವರೂ ಇದ್ದಾರೆ.

ಈ ಎರಡೂ ಧೋರಣೆಗಳ ಮೂಲ ಒಂದೇ. ಕೆಂಪು ಕೂದಲು ಅಪರೂಪ, ಜೊತೆಗೆ ನೂರು ಅಡಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಹೀಗೆ ಅಪರೂಪವೂ ಎದ್ದು ಕಾಣುವಂಥದ್ದೂ ಆದ ಯಾವ ಲಕ್ಷಣವನ್ನೂ ಸಮಾಜ ಸುಮ್ಮನೆ ಬಿಡುವುದಿಲ್ಲ. ತನ್ನ ಭಯವನ್ನೂ ಆಸೆಯನ್ನೂ ಅದರ ಮೇಲೆ ಹೇರುತ್ತದೆ. ಹೇರಿದ್ದು ಭಯವೋ ಆಸೆಯೋ ಎಂಬುದು ಆ ಕೂದಲು ಯಾರ ತಲೆಯಲ್ಲಿದೆ ಎನ್ನುವುದರಿಂದ ತೀರ್ಮಾನವಾಗುತ್ತದೆ. ಅವರು ಹೆಣ್ಣೋ ಗಂಡೋ, ನಮ್ಮವರೋ ಹೊರಗಿನವರೋ, ಅರಮನೆಯವರೋ ಬೀದಿಯವರೋ? ಮೂರು ಸಾವಿರ ವರ್ಷಗಳ ದಾಖಲೆ ನೋಡಿದರೆ ಬಣ್ಣ ಬದಲಾಗಿಲ್ಲ, ತೀರ್ಪು ಮಾತ್ರ ಬದಲಾಗುತ್ತ ಬಂದಿದೆ.

ಬುಡದಲ್ಲಿ ನಡೆಯುವುದೇನು

ಕೂದಲಿನ ಬುಡದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಇವು ಎರಡು ಬಗೆಯ ವರ್ಣದ್ರವ್ಯ ತಯಾರಿಸಬಲ್ಲವು: ಕಪ್ಪು-ಕಂದು ಬಣ್ಣದ ಯೂಮೆಲನಿನ್, ಕೆಂಪು-ಹಳದಿ ಬಣ್ಣದ ಫಿಯೊಮೆಲನಿನ್. ಯಾವುದನ್ನು ಎಷ್ಟು ತಯಾರಿಸಬೇಕು ಎಂಬುದನ್ನು ಬಹುಪಾಲು ನಿರ್ಧರಿಸುವುದು ಜೀವಕೋಶದ ಹೊರಮೈಯಲ್ಲಿರುವ ಎಂಸಿ1ಆರ್ ಎಂಬ ಗ್ರಾಹಕ, ಅಂದರೆ ಹಾರ್ಮೋನಿನ ಸಂಕೇತ ಹಿಡಿಯುವ ಪ್ರೋಟೀನ್. ಹಾರ್ಮೋನ್ ಬಂದು ಈ ಗ್ರಾಹಕಕ್ಕೆ ತಗುಲಿದಾಗ ಒಳಗೆ ಸಂಕೇತ ಹೋಗಿ ಕಪ್ಪು ದ್ರವ್ಯದ ತಯಾರಿಕೆ ಶುರುವಾಗುತ್ತದೆ. ಗ್ರಾಹಕ ಸರಿಯಾಗಿ ಕೆಲಸ ಮಾಡದಿದ್ದರೆ ಸಂಕೇತ ದುರ್ಬಲವಾಗಿ, ಕೋಶ ಫಿಯೊಮೆಲನಿನ್ ತಯಾರಿಸುತ್ತ ಉಳಿಯುತ್ತದೆ. ಕೆಂಪು ಕೂದಲೆಂದರೆ ಇಷ್ಟೇ. 16ನೇ ವರ್ಣತಂತುವಿನಲ್ಲಿರುವ ಈ ಗ್ರಾಹಕದ ಜೀನ್‌ಗೂ ಕೆಂಪು ಕೂದಲಿಗೂ ಇರುವ ನಂಟನ್ನು ಬ್ರಿಟನ್ನಿನ ಜೊನಾಥನ್ ರೀಸ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು.

ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿಗಳು ಬದಲಾದ ರೂಪದಲ್ಲಿ ಬಂದರೆ ಕೂದಲು ಕೆಂಪಾಗುತ್ತದೆ ಎಂಬುದು ಮೇಲುನೋಟದ ಲೆಕ್ಕ. ಒಂದೇ ಪ್ರತಿ ಇದ್ದವರ ಕೂದಲು ಕಪ್ಪೋ ಕಂದೋ ಇರಬಹುದು, ಆದರೆ ಆ ಪ್ರತಿ ಅವರ ಮಕ್ಕಳಿಗೆ ಹೋಗಬಲ್ಲದು. ಅಪ್ಪ-ಅಮ್ಮ ಇಬ್ಬರೂ ಇಂಥ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕೆಂಪು ಕೂದಲು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಪ್ಪು ಕೂದಲಿನ ದಂಪತಿಗೆ ಕೆಂಪು ಕೂದಲಿನ ಮಗು ಹುಟ್ಟಿ ಮನೆಯಲ್ಲಿ ಅನುಮಾನದ ಮಾತು ಎದ್ದ ಎಷ್ಟೋ ಪ್ರಸಂಗಗಳಿಗೆ ಉತ್ತರ ಈ ಲೆಕ್ಕದಲ್ಲಿದೆ. ಆದರೂ ಲೆಕ್ಕ ಪೂರ್ತಿ ಸರಳವಲ್ಲ. ಬ್ರಿಟನ್ನಿನ ಸುಮಾರು ಮೂರೂವರೆ ಲಕ್ಷ ಜನರ ಜೀನ್ ಮಾಹಿತಿ ಇಟ್ಟುಕೊಂಡು ಎಡಿನ್‌ಬರೊ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂ ಪ್ರತಿ ಬದಲಾಗಿದ್ದವರಲ್ಲಿ ಹೆಚ್ಚಿನವರ ಕೂದಲು ಹೊಂಬಣ್ಣ ಅಥವಾ ತಿಳಿ ಕಂದು. ಕೆಂಪು ಎದ್ದು ಬರುತ್ತದೋ ಇಲ್ಲವೋ ಎಂಬುದರಲ್ಲಿ ಇನ್ನೂ ಎಂಟು ಜೀನ್‌ಗಳ ಕೈವಾಡವಿದೆ ಎಂದು ಅವರು ಗುರುತಿಸಿದರು.

ಜಗತ್ತಿನ ಜನಸಂಖ್ಯೆಯಲ್ಲಿ ಕೆಂಪು ಕೂದಲಿನವರು ಶೇ. 1ರಿಂದ 2ರಷ್ಟು ಎಂಬುದು ಸಾಮಾನ್ಯ ಅಂದಾಜು. ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ಗಳಲ್ಲಿ ದಟ್ಟಣೆ ಹೆಚ್ಚು. ರಷ್ಯಾದ ವೋಲ್ಗಾ ಸೀಮೆಯ ಉಡ್‌ಮುರ್ತ್ ಜನರಲ್ಲೂ ಇದು ಸಾಕಷ್ಟು ಕಾಣುತ್ತದೆ. ಬಿಸಿಲು ಕಡಿಮೆ ಇರುವ ಕಡೆ ಈ ರೂಪಾಂತರ ಏಕೆ ಉಳಿಯಿತು ಎಂಬುದಕ್ಕೆ ಎರಡು ವಾದಗಳಿವೆ. ಬಿಳಿಚು ಚರ್ಮ ಕ್ಷೀಣ ಬಿಸಿಲಿನಲ್ಲೂ ವಿಟಮಿನ್ ಡಿ ತಯಾರಿಸಿಕೊಳ್ಳಲು ನೆರವಾಯಿತು ಎನ್ನುವುದು ಒಂದು. ಸುಡು ಬಿಸಿಲಿಲ್ಲದ ಕಡೆ ಕಪ್ಪು ದ್ರವ್ಯ ಕಳೆದುಕೊಂಡರೂ ಜೀವಕ್ಕೆ ಅಪಾಯವಿರಲಿಲ್ಲ, ಹಾಗಾಗಿ ಯಾರೂ ತಡೆಯದೆ ಹಬ್ಬಿತು ಎನ್ನುವುದು ಇನ್ನೊಂದು. ಅಳಿದುಹೋದ ಪ್ರಾಚೀನ ಮಾನವರಾದ ನಿಯಾಂಡರ್ತಾಲರಿಂದ ಬಂತು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಅವರ ಮೂಳೆಗಳಲ್ಲೂ ಎಂಸಿ1ಆರ್ ಬದಲಾವಣೆಯೊಂದು ಸಿಕ್ಕಿದೆ ಎಂದು 2007ರಲ್ಲಿ ವರದಿಯಾದದ್ದು ನಿಜ. ಆದರೆ ಆ ಬದಲಾವಣೆಯೇ ಬೇರೆ, ಇಂದಿನ ಯುರೋಪಿಯನ್ನರಲ್ಲಿರುವುದೇ ಬೇರೆ.

'ಅಳಿಯುತ್ತಿದ್ದಾರೆ' ಎಂಬ ಸುಳ್ಳು ಸುದ್ದಿ

ಕೆಂಪು ಕೂದಲಿನವರು ಇನ್ನು ಕೆಲವೇ ದಶಕಗಳಲ್ಲಿ ಭೂಮಿಯಿಂದ ಮರೆಯಾಗುತ್ತಾರೆ ಎಂಬ ಸುದ್ದಿ 2005ರ ನಂತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಈಗಲೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಕೂದಲಿನ ಉತ್ಪನ್ನ ಮಾರುವ ಕಂಪನಿಯೊಂದರ ಹಣದಿಂದ ನಡೆಯುತ್ತಿದ್ದ ಸಂಸ್ಥೆಯ ಹೆಸರು ಆ ಸುದ್ದಿಯ ಬೆನ್ನಿಗಿತ್ತು. ಇದು ಏಕೆ ಸುಳ್ಳು ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಪೆನ್ನು-ಕಾಗದ ಸಾಕು.

ನೂರು ಜನರ ಊರು ಎಂದುಕೊಳ್ಳಿ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ, ಒಟ್ಟು ಇನ್ನೂರು. ಒಬ್ಬರಿಗೆ ಕೆಂಪು ಕೂದಲಿದೆ ಎಂದರೆ, ಸರಳ ಮಾದರಿಯ ಪ್ರಕಾರ 18 ಜನ ಮರೆಯಲ್ಲಿ ಒಂದೊಂದು ಪ್ರತಿ ಹೊತ್ತಿರುತ್ತಾರೆ. ಬದಲಾದ ಒಟ್ಟು 20 ಪ್ರತಿಗಳಲ್ಲಿ ಕೆಂಪು ತಲೆಯಲ್ಲಿರುವುದು ಎರಡೇ, ಉಳಿದ 18 ಕಪ್ಪು-ಕಂದು ತಲೆಗಳಲ್ಲಿ. ಈಗ ಆ ಪೀಳಿಗೆಯ ಕೆಂಪು ಕೂದಲಿನವರಲ್ಲಿ ಒಬ್ಬರೂ ಮಕ್ಕಳನ್ನು ಹೆರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಮುಂದಿನ ಪೀಳಿಗೆಯಲ್ಲಿ ಕೆಂಪು ಕೂದಲು ನೂರಕ್ಕೆ ಒಂದರ ಬದಲು 121ಕ್ಕೆ ಒಂದಾಗುತ್ತದೆ. ಹತ್ತು ಪೀಳಿಗೆ, ಅಂದರೆ ಸುಮಾರು 250 ವರ್ಷ, ಹೀಗೇ ಒಬ್ಬರೂ ಹೆರದೆ ಹೋದರೂ 400ಕ್ಕೆ ಒಬ್ಬರು ಇದ್ದೇ ಇರುತ್ತಾರೆ. ನಿಜ ಜೀವನದಲ್ಲಿ ಅವರು ಎಲ್ಲರಂತೆ ಮದುವೆಯಾಗಿ ಮಕ್ಕಳನ್ನು ಹೆರುತ್ತಿದ್ದಾರೆ. ವಲಸೆಯಿಂದ ಜನ ಬೆರೆತಾಗ ಎರಡು ಪ್ರತಿ ಒಂದೇ ಮಗುವಿನಲ್ಲಿ ಸೇರುವುದು ಕೆಲವು ಊರುಗಳಲ್ಲಿ ಕಡಿಮೆಯಾಗಬಹುದು. ಆಗಲೂ ಜೀನ್ ಎಲ್ಲಿಗೂ ಹೋಗುವುದಿಲ್ಲ, ಮರೆಯಲ್ಲಿರುತ್ತದೆ.

ಈ ಸುದ್ದಿ ಇಷ್ಟು ಬಾಳಿಕೆ ಬಂದಿರುವುದಕ್ಕೆ ಕಾರಣವಿದೆ. ಅಳಿವಿನ ಅಂಚಿನಲ್ಲಿದೆ ಎಂದ ಕೂಡಲೇ ಯಾವ ವಸ್ತುವಿನ ಬೆಲೆಯೂ ಏರುತ್ತದೆ. ಕೆಂಪು ಕೂದಲಿನ ಆಕರ್ಷಣೆಯಲ್ಲಿ ದೊಡ್ಡ ಪಾಲು ಈ ಅಪರೂಪದ್ದೇ.

ಸೆತ್‌ನಿಂದ ಶೈಲಾಕ್‌ವರೆಗೆ

ಈಜಿಪ್ಟಿನಲ್ಲಿ ಕೆಂಪು, ಮರುಭೂಮಿ ಮತ್ತು ಬಿರುಗಾಳಿಯ ದೇವತೆ ಸೆತ್‌ನ ಬಣ್ಣ. ತಮ್ಮನೇ ಅಣ್ಣನನ್ನು ಕೊಂದ ಕಥೆಯ ಸೆತ್. ಆ ಬಣ್ಣ ಅಶುಭ ಎಂಬ ನಂಬಿಕೆ ಇದ್ದ ನಾಡಿನಲ್ಲೇ ಎರಡನೇ ರಾಮ್ಸೆಸ್ ಆರು ದಶಕಕ್ಕೂ ಹೆಚ್ಚು ಕಾಲ ಆಳಿದ. 1976ರಲ್ಲಿ ಅವನ ಮಮ್ಮಿಯನ್ನು ಪ್ಯಾರಿಸ್ಸಿಗೆ ಒಯ್ದು ಪರೀಕ್ಷಿಸಿದಾಗ, ಕೂದಲ ಬುಡದಲ್ಲಿ ಉಳಿದಿದ್ದ ವರ್ಣದ್ರವ್ಯ ನೋಡಿ, ಅವನು ಹುಟ್ಟಿನಿಂದಲೇ ಕೆಂಪು ಕೂದಲಿನವನು ಎಂದು ಫ್ರೆಂಚ್ ತಜ್ಞರು ಹೇಳಿದರು. ಅವನ ತಂದೆಯ ಹೆಸರು ಸೇತಿ, ಅಂದರೆ ಸೆತ್‌ನವನು. ಊರಿಗೆಲ್ಲ ಅಶುಭವಾದ ಬಣ್ಣವನ್ನು ಆ ರಾಜಮನೆತನ ತನ್ನ ಕುಲದೇವತೆಯ ಗುರುತಾಗಿ ಮಾಡಿಕೊಂಡಿತು. ಸಿಂಹಾಸನದ ಮೇಲೆ ಕೂತವರ ಕೂದಲಿಗೆ ಅಪಶಕುನ ಅಂಟುವುದಿಲ್ಲ.

ಗ್ರೀಕರಿಗೂ ರೋಮನ್ನರಿಗೂ ಕೆಂಪು ಕೂದಲು ಹೊರಗಿನವರ ಗುರುತು. ಥ್ರೇಸಿನವರು ತಮ್ಮ ದೇವರಿಗೆ ನೀಲಿ ಕಣ್ಣು, ಕೆಂಪು ಕೂದಲು ಕೊಟ್ಟಿದ್ದಾರೆ ಎಂದು ಕ್ರಿ.ಪೂ. ಆರನೇ ಶತಮಾನದ ಗ್ರೀಕ್ ಚಿಂತಕ ಕ್ಸೆನೊಫನೀಸ್ ಬರೆದ; ಮನುಷ್ಯ ತನ್ನ ರೂಪದಲ್ಲೇ ದೇವರನ್ನು ಮಾಡಿಕೊಳ್ಳುತ್ತಾನೆ ಎಂಬುದು ಅವನ ವಾದ. ರೋಮನ್ ಇತಿಹಾಸಕಾರ ಟ್ಯಾಸಿಟಸ್, ಈಗಿನ ಸ್ಕಾಟ್ಲೆಂಡಿನ ಜನರ ಕೆಂಪು ಕೂದಲು ಮತ್ತು ದೊಡ್ಡ ಕೈಕಾಲು ನೋಡಿದರೆ ಅವರ ಮೂಲ ಜರ್ಮನಿಯೇ ಇರಬೇಕು ಎಂದು ತರ್ಕಿಸಿದ. ಯುದ್ಧದಲ್ಲಿ ಎದುರಾದವರು, ಸೆರೆ ಸಿಕ್ಕಿ ಗುಲಾಮರಾಗಿ ಬಂದವರು ಇಂಥವರು. ಅಂಥ ಕೂದಲಿಗೆ ರೋಮಿನ ಪೇಟೆಯಲ್ಲಿ ಒರಟುತನ, ಕೋಪ, ಅನಾಗರಿಕತೆ ಎಂಬ ಹಣೆಪಟ್ಟಿ ಸುಲಭವಾಗಿ ಅಂಟಿತು.

ಮಧ್ಯಯುಗದ ಕ್ರೈಸ್ತ ಚಿತ್ರಕಾರರಿಗೆ ಬೇರೊಂದು ಅಗತ್ಯ ಎದುರಾಯಿತು. ಯೇಸುವಿನ ಕಡೆಯ ಭೋಜನದ ಚಿತ್ರದಲ್ಲಿ ಹನ್ನೆರಡು ಶಿಷ್ಯರ ನಡುವೆ ದ್ರೋಹಿ ಯೂದನನ್ನು ಓದುಬರಹ ಬಾರದ ಭಕ್ತರೂ ಗುರುತಿಸಬೇಕು. ಬೈಬಲಿನಲ್ಲಿ ಯೂದನ ಕೂದಲಿನ ಬಣ್ಣದ ಪ್ರಸ್ತಾಪವೇ ಇಲ್ಲ. ಆದರೂ ಜರ್ಮನಿ, ಸ್ಪೇನ್ ಮುಂತಾದ ಕಡೆ ಅವನಿಗೆ ಕೆಂಪು ಕೂದಲು, ಕೆಂಪು ಗಡ್ಡ ಬಂತು. ಮುಂದೆ ಅದು ಯೂದನಿಂದ ಇಡೀ ಯೆಹೂದ್ಯ ಸಮುದಾಯಕ್ಕೆ ಹರಡಿತು. ಇಂಗ್ಲಿಷ್ ರಂಗಭೂಮಿಯಲ್ಲಿ ಶೇಕ್ಸ್‌ಪಿಯರ್ ನಾಟಕದ, ಸಾಲ ಕೊಡುವ ಯೆಹೂದ್ಯ ಶೈಲಾಕ್‌ನ ಪಾತ್ರಕ್ಕೆ ಕೆಂಪು ವಿಗ್ ಹಾಕುವ ರೂಢಿ ಬೆಳೆದು, 1814ರಲ್ಲಿ ನಟ ಎಡ್ಮಂಡ್ ಕೀನ್ ಕಪ್ಪು ವಿಗ್ ತೊಟ್ಟು ಬಂದಾಗ ಅದೇ ಒಂದು ಸುದ್ದಿಯಾಯಿತು. ಅದೇ ಚರ್ಚುಗಳ ಗೋಡೆಯ ಮೇಲೆ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳಿಗೂ ಉದ್ದನೆಯ ಕೆಂಪು ಕೂದಲು. ಅಲ್ಲಿ ಅದು ದೇಹದ ಮೋಹಕ್ಕೂ ಪಶ್ಚಾತ್ತಾಪಕ್ಕೂ ಗುರುತು. ಗಂಡಸಿನ ತಲೆಯಲ್ಲಿ ಕೆಂಪು ದ್ರೋಹ, ಹೆಂಗಸಿನ ತಲೆಯಲ್ಲಿ ಮೋಹ. ಇವತ್ತಿಗೂ ಈ ಸೀಳು ಮುಚ್ಚಿಲ್ಲ.

ರಾಣಿಯ ಕೂದಲು, ಟೋಪಿ ಅಂಗಡಿಯ ಹುಡುಗಿಯ ಕೂದಲು

ಇಂಗ್ಲೆಂಡಿನ ಒಂದನೇ ಎಲಿಜಬೆತ್‌ಗೆ ಕೆಂಪು ಕೂದಲು ಚೆಂದದ ವಿಷಯಕ್ಕಿಂತ ಹೆಚ್ಚಾಗಿ ರಾಜಕೀಯ ಸಾಕ್ಷ್ಯವಾಗಿತ್ತು. 1536ರಲ್ಲಿ ತಾಯಿ ಆನ್ ಬೊಲಿನ್‌ಳ ಶಿರಚ್ಛೇದವಾದ ಮೇಲೆ ಮೂರು ವರ್ಷವೂ ತುಂಬದ ಆ ಮಗುವನ್ನು ಅಕ್ರಮ ಸಂತಾನ ಎಂದು ಸಾರಲಾಯಿತು. ತಂದೆ ಎಂಟನೇ ಹೆನ್ರಿಯದು ಕೆಂಪು ಕೂದಲು, ತಾಯಿಯದು ಕಪ್ಪು. ಮಗಳ ಕೂದಲು ಅಪ್ಪನದೇ. ಡಿಎನ್‌ಎ ಪರೀಕ್ಷೆ ಇಲ್ಲದ ಕಾಲದಲ್ಲಿ ಇದಕ್ಕಿಂತ ಬಲವಾದ ಪುರಾವೆ ಯಾವುದು? ಪಟ್ಟಾಭಿಷೇಕದ ಚಿತ್ರದಲ್ಲಿ ಅವಳ ಕೂದಲನ್ನು ಕಟ್ಟದೆ ಭುಜದ ಮೇಲೆ ಹರಡಿ ತೋರಿಸಿರುವುದು ಕನ್ಯತ್ವದ ಸಂಕೇತ ಎನ್ನುತ್ತಾರೆ ಇತಿಹಾಸಕಾರರು. ಜೊತೆಗೆ ಅದು ಅಪ್ಪನ ಬಣ್ಣವನ್ನು ಊರಿಗೆಲ್ಲ ತೋರಿಸುವ ಬಗೆಯೂ ಆಗಿತ್ತು. ವಯಸ್ಸಾದ ಮೇಲೂ ಅವಳು ಕೆಂಪು ವಿಗ್ ಬಿಡಲಿಲ್ಲ.

ರಾಣಿ ಹೋದ ಮೇಲೆ ಆ ಮನ್ನಣೆಯೂ ಇಳಿಯಿತು. ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಮೇಲ್ವರ್ಗದಲ್ಲಿ ಹುಡುಗಿಗೆ ಕೆಂಪು ಕೂದಲಿದ್ದರೆ ಸಂಬಂಧ ಹುಡುಕುವುದೇ ಕಷ್ಟ ಎನ್ನುವಂತಿತ್ತು. ಇದು ತಿರುಗಿದ್ದು ಕೆಲವೇ ಚಿತ್ರಕಾರರಿಂದ. 1848ರಲ್ಲಿ ಲಂಡನ್ನಿನಲ್ಲಿ ಸೇರಿದ ಪ್ರೀ-ರಾಫಯಲೈಟ್ ಗುಂಪಿನ ಯುವಕರು, ಟೋಪಿ ಅಂಗಡಿಯಲ್ಲಿ ದುಡಿಯುತ್ತಿದ್ದ ಎಲಿಜಬೆತ್ ಸಿಡಲ್ ಎಂಬ ತಾಮ್ರವರ್ಣದ ಕೂದಲಿನ ಯುವತಿಯನ್ನು ರೂಪದರ್ಶಿಯಾಗಿ ಕರೆತಂದರು. ಹ್ಯಾಮ್ಲೆಟ್ ನಾಟಕದ ಒಫೀಲಿಯಾ ನೀರಿನಲ್ಲಿ ತೇಲುವ ಚಿತ್ರಕ್ಕಾಗಿ ಜಾನ್ ಎವರೆಟ್ ಮಿಲೇ ಅವಳನ್ನು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಿ, ಅಡಿಯಲ್ಲಿ ದೀಪ ಹಚ್ಚಿಟ್ಟು ನೀರು ಬೆಚ್ಚಗಿಟ್ಟಿದ್ದ. ದೀಪ ಆರಿದ್ದನ್ನು ಅವನು ಗಮನಿಸಲಿಲ್ಲ. ಅವಳು ಕಾಯಿಲೆ ಬಿದ್ದಳು. ಸಿಡಲ್ ಸ್ವತಃ ಚಿತ್ರಗಾರ್ತಿ, ಕವಿ. ಜನಕ್ಕೆ ನೆನಪಿರುವುದು ಅವಳ ಕೂದಲು ಮಾತ್ರ. ಈ ಬಣ್ಣದ ಆಕರ್ಷಣೆಯ ಬಗ್ಗೆ ಬರೆಯುವವರು ಈ ಅನ್ಯಾಯವನ್ನೂ ಹೇಳಬೇಕು.

ಚಿತ್ರಗಳ ಪರಿಣಾಮ ಮೂವತ್ತು ವರ್ಷಗಳಲ್ಲಿ ಕಂಡಿತು. ಒಂದು ಕಾಲದಲ್ಲಿ ಹೆಣ್ಣಿಗೆ ಕೆಂಪು ಕೂದಲಿದೆ ಎನ್ನುವುದೆಂದರೆ ಸಮಾಜದಲ್ಲಿ ಅವಳ ಮಾನ ತೆಗೆದಂತೆ ಇತ್ತು, ಈಗ ಅದೇ ಹುಚ್ಚು ಎಬ್ಬಿಸಿದೆ ಎಂಬರ್ಥದಲ್ಲಿ ಲೇಖಕಿ ಮೇರಿ ಎಲೈಜಾ ಹಾವೀಸ್ 1878ರಲ್ಲೇ ಬರೆದರು. ಆಮೇಲೆ ಹಾಲಿವುಡ್ ಅದನ್ನು ಕಾರ್ಖಾನೆಯ ಸರಕು ಮಾಡಿತು. ಮಾರ್ಗರಿಟಾ ಕಾನ್ಸಿನೊ ಎಂಬ ಸ್ಪ್ಯಾನಿಷ್ ಮೂಲದ ಕಪ್ಪು ಕೂದಲಿನ ನರ್ತಕಿಯ ಹಣೆಯ ಮೇಲಿನ ಕೂದಲ ಅಂಚನ್ನು ವಿದ್ಯುತ್ ಚಿಕಿತ್ಸೆಯಿಂದ ಹಿಂದೆ ಸರಿಸಿ, ಉಳಿದದ್ದಕ್ಕೆ ಕೆಂಪು ಬಣ್ಣ ಹಚ್ಚಿ, ರೀಟಾ ಹೇವರ್ತ್ ಎಂಬ ತಾರೆಯನ್ನು ತಯಾರಿಸಿದರು. ಕೆಂಪು ಈಗ ಹುಟ್ಟಿನಿಂದ ಬರಬೇಕಾದ್ದಲ್ಲ, ಕೊಳ್ಳಬಹುದಾದ್ದು.

ಶಾಲೆಯ ಅಂಗಳದಲ್ಲಿ

ಆದರೆ ಇಂಗ್ಲೆಂಡಿನ ಶಾಲೆಯಲ್ಲಿ ಕೆಂಪು ಕೂದಲಿನ ಹುಡುಗನಿಗೆ ಈ ಚಿತ್ರಗಳೂ ತಾರೆಯರೂ ನೆರವಿಗೆ ಬರುವುದಿಲ್ಲ. 'ಜಿಂಜರ್' (ಶುಂಠಿ) ಎಂಬ ಕೂಗು, ಮೈಬಣ್ಣದ ಗೇಲಿ, ತಳ್ಳಾಟ ಅಲ್ಲಿ ಎಷ್ಟು ಮಾಮೂಲಿಯೆಂದರೆ ಬೇರೆ ಯಾವುದೇ ಜನ್ಮಗುಣದ ಬಗ್ಗೆ ಆಡಿದರೆ ಖಂಡಿಸುವ ದೊಡ್ಡವರೂ ಇದನ್ನು ತಮಾಷೆ ಎನ್ನುತ್ತಾರೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಒಂಬತ್ತು ಲಕ್ಷಣಗಳಿಗೆ ರಕ್ಷಣೆ ಕೊಡುತ್ತದೆ. ಕೂದಲಿನ ಬಣ್ಣ ಆ ಪಟ್ಟಿಯಲ್ಲಿಲ್ಲ. ಐರಿಷ್ ಮತ್ತು ಸ್ಕಾಟಿಷ್ ಜನರ ಬಗ್ಗೆ ಇಂಗ್ಲಿಷರಿಗಿದ್ದ ಹಳೆಯ ತಾತ್ಸಾರ ಈ ಗೇಲಿಯ ತಳದಲ್ಲಿದೆ ಎಂಬ ವಾದ ನನಗೆ ಸರಿಯೆನಿಸುತ್ತದೆ. ಯುರೋಪಿನ ಬೇರೆ ಕಡೆಗಿಂತ ಇಂಗ್ಲೆಂಡಿನಲ್ಲೇ ಇದು ಇಷ್ಟು ಹರಿತವಾಗಿರುವುದಕ್ಕೆ ಬೇರೆ ವಿವರಣೆ ಸುಲಭಕ್ಕೆ ಸಿಗುವುದಿಲ್ಲ.

ತಮಾಷೆ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ 2008ರ ನವೆಂಬರ್ ಒಂದು ಉದಾಹರಣೆ. 2005ರಲ್ಲಿ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಒಂದು ಕಂತು ಈ ಪೂರ್ವಗ್ರಹವನ್ನೇ ಲೇವಡಿ ಮಾಡಿತ್ತು. ಅದನ್ನು ತಲೆಕೆಳಗಾಗಿ ಅರ್ಥಮಾಡಿಕೊಂಡು, ಕೆಂಪು ಕೂದಲಿನವರನ್ನು ಒದೆಯುವ ದಿನ ಎಂದು ಕೆನಡಾದಿಂದ ಫೇಸ್‌ಬುಕ್ಕಿನಲ್ಲಿ ಕರೆ ಹೊರಟಿತು. ಮಕ್ಕಳು ನಿಜಕ್ಕೂ ಒದೆ ತಿಂದರು, ಪೊಲೀಸರು ತನಿಖೆ ಮಾಡಬೇಕಾಯಿತು.

ಇದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಯಾರೂ ಯೋಜಿಸದೆ ಹುಟ್ಟಿದ್ದು. 2005ರಲ್ಲಿ ನೆದರ್‌ಲ್ಯಾಂಡ್ಸಿನ ಬಾರ್ಟ್ ರೌವೆನ್‌ಹೋರ್ಸ್ಟ್ ಎಂಬ ಚಿತ್ರಕಾರ 15 ಮಂದಿ ಕೆಂಪು ಕೂದಲಿನ ರೂಪದರ್ಶಿಗಳು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಬಂದದ್ದು 150 ಮಂದಿ. ಯಾರನ್ನೂ ವಾಪಸು ಕಳಿಸಲು ಮನಸ್ಸಾಗದೆ ಎಲ್ಲರನ್ನೂ ಸೇರಿಸಿದ. ಅದೇ ವರ್ಷವರ್ಷದ ಹಬ್ಬವಾಯಿತು. ಬ್ರೆಡಾ ಪಟ್ಟಣದಲ್ಲಿ 2013ರಲ್ಲಿ 1,672 ಜನ ಒಟ್ಟಿಗೆ ನಿಂತು ಗಿನ್ನೆಸ್ ದಾಖಲೆ ಮಾಡಿದರು. 2019ರಿಂದ ಇದು ಟಿಲ್‌ಬರ್ಗ್ ನಗರದಲ್ಲಿ ನಡೆಯುತ್ತಿದೆ. ತರಗತಿಯಲ್ಲಿ ತಾನೊಬ್ಬನೇ ಆಗಿದ್ದ ಹುಡುಗನಿಗೆ ಅಲ್ಲಿ ಮೊದಲ ಸಲ ತನ್ನ ಕೂದಲು ಮಾಮೂಲಿಯಾಗುತ್ತದೆ. ಅಪರೂಪ ಹೋದ ಕಡೆ ಗೇಲಿಯೂ ಹೋಗುತ್ತದೆ.

ಮಾತಲ್ಲ, ಮೈಯ ವಿಷಯ

ಕೆಂಪು ಕೂದಲಿನವರು ಸಿಡುಕರು ಎಂಬುದಕ್ಕೆ ಆಧಾರವಿಲ್ಲ. ಆದರೆ ಅವರ ಮೈ ಕೆಲವು ವಿಷಯಗಳಲ್ಲಿ ಬೇರೆ, ಇದು ವೈದ್ಯರಿಗೂ ಗೊತ್ತಿರಬೇಕು. 2004ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಹತ್ತು ಮಂದಿ ಕೆಂಪು ಕೂದಲಿನ ಮಹಿಳೆಯರಿಗೆ ಡೆಸ್‌ಫ್ಲುರೇನ್ ಅರಿವಳಿಕೆ ಕಪ್ಪು ಕೂದಲಿನವರಿಗಿಂತ ಶೇ. 19ರಷ್ಟು ಹೆಚ್ಚು ಬೇಕಾಯಿತು. ಆಮೇಲೆ ನೂರಾರು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪೂರ್ಣ ಅರಿವಳಿಕೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕೂದಲು ನೋಡಿ ಪ್ರಮಾಣ ಏರಿಸುವುದು ತಪ್ಪು. ಆ ಜಾಗವನ್ನಷ್ಟೇ ಮರಗಟ್ಟಿಸಲು ಚರ್ಮದಡಿಗೆ ಚುಚ್ಚುವ ಲಿಡೊಕೇನ್ ಕೆಲವರಲ್ಲಿ ಕಡಿಮೆ ಕೆಲಸ ಮಾಡುತ್ತದೆ ಎಂಬ ವರದಿಯಂತೂ ಇದೆ. ಹಲ್ಲಿನ ಚಿಕಿತ್ಸೆಗೆ ಹೋದವರು ಇನ್ನೂ ನೋಯುತ್ತಿದೆ ಎಂದರೆ ನಂಬಬೇಕು.

ಬಿಸಿಲಿನ ವಿಷಯದಲ್ಲಿ ಗೊಂದಲವಿಲ್ಲ. ಫಿಯೊಮೆಲನಿನ್ ನೇರಳಾತೀತ ಕಿರಣವನ್ನು ತಡೆಯುವುದರಲ್ಲಿ ದುರ್ಬಲ. ಅಷ್ಟೇ ಅಲ್ಲ, ಬಿಸಿಲಿಲ್ಲದೆಯೂ ಅದರ ತಯಾರಿಕೆಯ ದಾರಿಯೇ ಜೀವಕೋಶಕ್ಕೆ ಹಾನಿ ಮಾಡಬಲ್ಲದು ಎಂದು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಗಡ್ಡೆಗಳ ಮೇಲೆ 2016ರಲ್ಲಿ ನಡೆದ ಅಧ್ಯಯನದ ಪ್ರಕಾರ, ಬದಲಾದ ಒಂದೇ ಒಂದು ಪ್ರತಿ ಇದ್ದರೂ ಗಡ್ಡೆಯಲ್ಲಿ ಸೇರುವ ಜೀನ್ ಹಾನಿ 21 ವರ್ಷ ಹೆಚ್ಚು ಬಿಸಿಲು ಕಂಡಷ್ಟಕ್ಕೆ ಸಮ. ಅಂದರೆ ಕೂದಲು ಕೆಂಪಿಲ್ಲದ ವಾಹಕರೂ ಎಚ್ಚರವಾಗಿರಬೇಕು. ಅವರಿಗೆ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಕ್ರೀಮ್ ಬೇಕು. ವಯಸ್ಕರ ಪೂರ್ತಿ ಮೈಗೆ ಸುಮಾರು 35 ಮಿ.ಲೀ. ಹಿಡಿಯುತ್ತದೆ, ಹೆಚ್ಚಿನವರು ಇದರ ಅರ್ಧವೂ ಹಚ್ಚುವುದಿಲ್ಲ, ಹಾಗಾಗಿ ಡಬ್ಬಿಯ ಮೇಲಿನ ರಕ್ಷಣೆ ಸಿಗುವುದಿಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಐರಿಷ್, ಸ್ಕಾಟಿಷ್ ವಲಸಿಗರ ಸಂತತಿ ನೆಲೆಸಿದ ಆಸ್ಟ್ರೇಲಿಯಾದಲ್ಲಿ ಮೆಲನೋಮ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ದೇಶಗಳಲ್ಲಿ ಒಂದಾಗಿರುವುದು ಆಕಸ್ಮಿಕವಲ್ಲ.

ಕಪ್ಪು ಕೂದಲಿಗೆ ಕೆಂಪು ಏರಿಸುವಾಗ

ಕರ್ನಾಟಕದಲ್ಲಿ ಹುಟ್ಟಾ ಕೆಂಪು ಕೂದಲು ಬಹಳ ವಿರಳ. ಇಲ್ಲಿ ಕೆಂಪು ಬರುವುದು ಪಾರ್ಲರ್‌ನಿಂದ ಅಥವಾ ಮೆಹಂದಿಯಿಂದ. ಇವೆರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಅದನ್ನು ತಿಳಿಯದೆ ಮಾಡಿದರೆ ಕೂದಲೇ ಹಾಳು.

ಡೈ ಹಚ್ಚಿ ಕಪ್ಪು ಕೂದಲಿನಲ್ಲಿ ಕೆಂಪು ಕಾಣಬೇಕಾದರೆ ಮೊದಲು ಒಳಗಿನ ಕಪ್ಪು ದ್ರವ್ಯ ಸ್ವಲ್ಪವಾದರೂ ಕರಗಬೇಕು. ಆ ಕೆಲಸ ಡೈ ಜೊತೆ ಬೆರೆಸುವ ಡೆವಲಪರ್‌ನಲ್ಲಿರುವ ಪೆರಾಕ್ಸೈಡ್‌ನದು. 20 ವಾಲ್ಯೂಮ್ ಎಂದರೆ ಶೇ. 6 ಪೆರಾಕ್ಸೈಡ್, ಕೂದಲು ಒಂದೆರಡು ಮಟ್ಟ ತಿಳಿಯಾಗುತ್ತದೆ. ಬರ್ಗಂಡಿಗೆ ಇಷ್ಟು ಸಾಕು. ಎದ್ದು ಕಾಣುವ ತಾಮ್ರ ಬಣ್ಣಕ್ಕೆ 30 ವಾಲ್ಯೂಮ್ ಅಥವಾ ಬ್ಲೀಚ್ ಬೇಕಾಗುತ್ತದೆ. ಅದು ಕೂದಲನ್ನು ಒಣಗಿಸಿ ತುಂಡಾಗಿಸುತ್ತದೆ, ಹಾಗಾಗಿ ಮನೆಯಲ್ಲಿ ಮಾಡದಿರುವುದೇ ಒಳ್ಳೆಯದು. ಬೇಗ ಕಾಣುವ ತಪ್ಪು ಬುಡದ್ದು. ನೆತ್ತಿಯ ಬಿಸಿಗೆ ಬುಡದ ಕೂದಲು ಬೇಗ ತಿಳಿಯಾಗುತ್ತದೆ. ಮೊದಲ ಸಲ ಹಚ್ಚುವಾಗ ತುದಿಯಿಂದ ಶುರುಮಾಡಿ ಬುಡವನ್ನು ಕೊನೆಗೆ ಬಿಡದಿದ್ದರೆ ಬುಡ ಕಿತ್ತಳೆ, ತುದಿ ಕಪ್ಪು ಎನ್ನುವಂತಾಗುತ್ತದೆ. ಗಾಢ ಕೆಂಪಿಗೆ ಬಳಸುವ ಬಣ್ಣಗಳಲ್ಲಿ ಹಲವು ಕೂದಲ ಹೊರಪದರದ ಹತ್ತಿರವೇ ಕೂರುತ್ತವೆ, ಹಾಗಾಗಿ ಪ್ರತಿ ಸ್ನಾನಕ್ಕೂ ನೀರಿನಲ್ಲಿ ಬಿಡುತ್ತವೆ. ಬಿಸಿನೀರು, ಗಡಸು ನೀರು, ದಿನಾ ಶಾಂಪೂ ಇದನ್ನು ಇನ್ನೂ ಬೇಗ ಮಾಡುತ್ತವೆ.

ಮೆಹಂದಿ ಏನನ್ನೂ ಕರಗಿಸುವುದಿಲ್ಲ. ಅದರ ಲಾಸೋನ್ ಎಂಬ ಅಂಶ ಕೂದಲಿನ ಪ್ರೋಟೀನಿಗೆ ಕಚ್ಚಿಕೊಂಡು ಕಿತ್ತಳೆ-ಕೆಂಪು ಕೊಡುತ್ತದೆ. ಕಪ್ಪು ಕೂದಲಿನ ಮೇಲೆ ಅದು ಬಿಸಿಲಿಗೆ ನಿಂತಾಗ ಮಾತ್ರ ಕಾಣುವ ಛಾಯೆ. ಬಿಳಿ ಕೂದಲಿನ ಮೇಲೆ ಉರಿಯುವ ಕಿತ್ತಳೆ. ಭುಜದವರೆಗಿನ ಕೂದಲಿಗೆ 200 ಗ್ರಾಂ ಪುಡಿ ಬೇಕು. ಕುದಿವ ನೀರು ಹಾಕಬಾರದು. ನಿಂಬೆರಸ ಬೆರೆಸಿದ ನೀರಿನಲ್ಲೋ ತಣಿಸಿದ ಚಹಾ ಡಿಕಾಕ್ಷನ್‌ನಲ್ಲೋ ಮೊಸರಿನ ಹದಕ್ಕೆ ಕಲಸಿ, ನಮ್ಮ ಸೆಖೆಯಲ್ಲಿ ಆರರಿಂದ ಎಂಟು ಗಂಟೆ ಮುಚ್ಚಿಡಬೇಕು. ಎಣ್ಣೆ ಜಿಡ್ಡಿಲ್ಲದ ತೊಳೆದ ಕೂದಲಿಗೆ ಹಚ್ಚಿ ಎರಡರಿಂದ ನಾಲ್ಕು ಗಂಟೆ ಬಿಟ್ಟು ಬರಿ ನೀರಿನಲ್ಲಿ ತೊಳೆಯಬೇಕು. ಎರಡು ದಿನ ಶಾಂಪೂ ಮುಟ್ಟಿಸಬಾರದು. ಆ ಅವಧಿಯಲ್ಲಿ ಗಾಳಿಗೆ ಬಣ್ಣ ಗಾಢವಾಗುತ್ತದೆ. ಎಣ್ಣೆ ತಲೆಗೆ ಹಚ್ಚಿ ಬಣ್ಣ ಹಿಡಿಯಲಿಲ್ಲ ಎನ್ನುವವರೇ ಹೆಚ್ಚು. ಕಬ್ಬಿಣದ ಬಾಣಲೆಯಲ್ಲಿ ನೆನೆಸಿದರೆ ಕೆಂಪು ಮಂಕಾಗಿ ಕಂದಿಗೆ ತಿರುಗುತ್ತದೆ. ಬಿಳಿ ಕೂದಲು ಕಿತ್ತಳೆಯಾಗುವುದು ಬೇಡದವರಿಗೆ ಅದೇ ಅನುಕೂಲ, ಕೆಂಪು ಬೇಕಾದವರಿಗೆ ನಷ್ಟ.

ನಿಜವಾದ ಅಪಾಯ 'ಕಪ್ಪು ಮೆಹಂದಿ' ಎಂಬ ಪುಡಿಗಳಲ್ಲಿದೆ. ಮೆಹಂದಿ ಎಲೆಯಿಂದ ಒಂದು ಗಂಟೆಯಲ್ಲಿ ಕಪ್ಪು ಬರುವುದಿಲ್ಲ. ಬರುತ್ತಿದೆ ಎಂದರೆ ಅದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಕೆಲವರಿಗೆ ಇದರಿಂದ ನೆತ್ತಿ ಊದಿ, ಕಣ್ಣು ಮುಚ್ಚಿಹೋಗುವಷ್ಟು ಅಲರ್ಜಿಯಾಗುತ್ತದೆ. ಒಮ್ಮೆ ಅಲರ್ಜಿ ಹುಟ್ಟಿದರೆ ಮುಂದೆ ಪಿಪಿಡಿ ಇರುವ ಯಾವ ಡೈಯೂ ಆಗುವುದಿಲ್ಲ. ಪ್ರತಿ ಸಲ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡುವುದು ಕಡ್ಡಾಯ ಎಂದೇ ತಿಳಿಯಬೇಕು. ಲೋಹದ ಲವಣ ಬೆರೆಸಿದ ಮೆಹಂದಿ ಹಚ್ಚಿದ ಕೂದಲಿಗೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ಮುರಿಯುತ್ತದೆ. ಪಾರ್ಲರ್‌ನವರು ಮೊದಲು ಏನು ಹಚ್ಚಿದ್ದಿರಿ ಎಂದು ಕೇಳುವುದು ಇದಕ್ಕೇ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ, ಅದರಲ್ಲೂ ಪುಟ್ಟ ಮಕ್ಕಳಿಗೆ, ಶುದ್ಧ ಮೆಹಂದಿಯೂ ಬೇಡ, ರಕ್ತಕಣಗಳು ಒಡೆಯಬಹುದು.

ಕಲಬುರಗಿ, ವಿಜಯಪುರದ ಮಾರುಕಟ್ಟೆಗಳಲ್ಲಿ, ಬೆಂಗಳೂರಿನ ಶಿವಾಜಿನಗರದಲ್ಲಿ ಕಾಣುವ ಹಿರಿಯ ಮುಸ್ಲಿಮರ ಕಿತ್ತಳೆ-ಕೆಂಪು ಗಡ್ಡ ಇದೇ ಮದರಂಗಿಯದು. ನರೆತ ಕೂದಲಿಗೆ ಮೆಹಂದಿ ಹಚ್ಚುವುದು ಪ್ರವಾದಿಯ ಕಾಲದಿಂದ ಬಂದ ಮೆಚ್ಚಿನ ಪದ್ಧತಿ ಎಂದು ಅವರು ಹಚ್ಚುತ್ತಾರೆ. ಯುರೋಪಿನಲ್ಲಿ ದ್ರೋಹಿಯ ಗುರುತಾಗಿದ್ದ ಕೆಂಪು ಗಡ್ಡ ಇಲ್ಲಿ ವಯಸ್ಸಿಗೂ ಭಕ್ತಿಗೂ ಸಲ್ಲುವ ಗೌರವದ ಗುರುತು.

ಮಗುವಿನ ಕೂದಲು ಕೆಂಚಗಾದರೆ

ನಮ್ಮ ಹಳ್ಳಿಗಳಲ್ಲಿ ಕೆಂಚುಗೂದಲಿಗೆ ಇನ್ನೊಂದು ಓದು ಇದೆ: ಎಣ್ಣೆ ಕಾಣದ ತಲೆ. ಬಿಸಿಲಿನಲ್ಲಿ ಆಡುವ ಮಕ್ಕಳ ಕೂದಲ ತುದಿ ಕೆಂಚಗಾಗುವುದು ಮಾಮೂಲಿ, ಅದಕ್ಕೆ ಚಿಂತೆ ಬೇಡ. ಚಿಂತಿಸಬೇಕಾದ್ದು ಬುಡವೂ ಮಾಸಿ ಕೆಂಪು-ಕಂದಾದಾಗ. ಕೂದಲ ಕಪ್ಪು ದ್ರವ್ಯ ತಯಾರಾಗಲು ಟೈರೋಸಿನ್ ಎಂಬ ಅಮೈನೋ ಆಮ್ಲವೂ ತಾಮ್ರದ ಅಂಶವೂ ಬೇಕು. ತೀವ್ರ ಅಪೌಷ್ಟಿಕತೆಯಲ್ಲಿ, ಅದರಲ್ಲೂ ಪಾದ ಊದಿಕೊಳ್ಳುವ ಕ್ವಾಶಿಯೋರ್ಕರ್ ಎಂಬ ಸ್ಥಿತಿಯಲ್ಲಿ, ಕೂದಲು ಬಣ್ಣ ಕಳೆದುಕೊಂಡು ತೆಳ್ಳಗಾಗಿ, ಎಳೆದರೆ ನೋವಿಲ್ಲದೆ ಕಿತ್ತು ಬರುತ್ತದೆ. ಊಟ ಸಿಕ್ಕ ತಿಂಗಳು ಕಪ್ಪು, ಸಿಗದ ತಿಂಗಳು ಕೆಂಪು ಎಂಬಂತೆ ಒಂದೇ ಎಳೆಯಲ್ಲಿ ಪಟ್ಟೆಗಳೂ ಕಾಣುವುದುಂಟು.

ಆದರೆ ಬರೀ ಕೂದಲು ನೋಡಿ ತೀರ್ಮಾನಿಸಬಾರದು. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟು ನೋಡಬೇಕು; ಎರಡರಲ್ಲೂ ಗುಳಿ ಹಾಗೇ ಉಳಿದರೆ ಅದು ತೀವ್ರ ಅಪೌಷ್ಟಿಕತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಅದೇ. ಅಂಗನವಾಡಿಯಲ್ಲಿ ಇದನ್ನು ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. ಈ ಹಂತದಲ್ಲಿ ಮನೆಯವರು ಗಾಬರಿಯಿಂದ ಮೊಟ್ಟೆ, ಬೇಳೆ, ಹಾಲನ್ನು ಒಮ್ಮೆಲೇ ತಿನ್ನಿಸುವುದೂ, ಕಬ್ಬಿಣದ ಟಾನಿಕ್ ಕುಡಿಸುವುದೂ ಮಗುವಿಗೆ ಅಪಾಯ. ಬಳಲಿದ ಯಕೃತ್ತು (ಲಿವರ್) ಮತ್ತು ಹೃದಯ ಅಷ್ಟು ಪ್ರೋಟೀನ್ ತಾಳಲಾರವು. ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಮೊದಲು 100 ಮಿ.ಲೀ.ಗೆ ಒಂದು ಗ್ರಾಂಗಿಂತ ಕಡಿಮೆ ಪ್ರೋಟೀನ್ ಇರುವ ಹಾಲಿನ ಮಿಶ್ರಣವನ್ನು ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಕೊಡುತ್ತಾರೆ. ಹಸಿವು ಮರಳಿ, ಪಾದದ ಊತ ಇಳಿಯತೊಡಗಿದ ಮೇಲೆ ಸುಮಾರು ಮೂರು ಗ್ರಾಂ ಪ್ರೋಟೀನ್ ಇರುವುದಕ್ಕೆ ಏರಿಸುತ್ತಾರೆ. ಕಬ್ಬಿಣಾಂಶ ಶುರುಮಾಡುವುದೂ ಈ ಎರಡನೇ ಹಂತದಲ್ಲೇ.